ಕೋಲಾರದ ಕೆರೆಗೆ ಬೆಂಗಳೂರಿನ ನೀರು

ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತರುವ ಬೆಂಗಳೂರು, ಆ ನೀರನ್ನು ಒಂದು ಸಲ ಬಳಸಿ ಚರಂಡಿಗೆ ಬಿಡುತ್ತದೆ. ಅದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಕೆಡಿಸಿ ದಕ್ಷಿಣ ಪಿನಾಕಿನಿ ಸೇರುತ್ತ ಬಂದಿತ್ತು. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದು ಹೊಗೆಯೆದ್ದದ್ದನ್ನು ಯಾರೂ ಮರೆತಿರಲಾರರು. ಅದೇ ವರ್ಷದ ಜೂನ್‌ನಲ್ಲಿ ಈ ಕೊಳಚೆಯ ಒಂದು ಪಾಲು ಸಂಸ್ಕರಣೆಗೊಂಡು, ಕೊಳವೆ ಹಾದು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಅದೇ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ, ಜನರ ಬಾಯಲ್ಲಿ ಕೆ.ಸಿ. ವ್ಯಾಲಿ. ದಿನಕ್ಕೆ 44 ಕೋಟಿ ಲೀಟರ್ ನೀರು ಕೊಟ್ಟು, ಕೋಲಾರ ಮತ್ತು ಚಿಂತಾಮಣಿ ಸೀಮೆಯ 126 ಕೆರೆ ತುಂಬಿಸುವುದು ಮೊದಲ ಹಂತದ ಗುರಿ.

ಯೋಜನೆಯ ಮೂಲ ವಿಚಾರ ಸರಿಯಾದದ್ದು ಎಂದು ನಾನು ನಂಬುತ್ತೇನೆ. ವರ್ಷವಿಡೀ ಹರಿಯುವ ಒಂದು ನದಿಯೂ ಕೋಲಾರಕ್ಕಿಲ್ಲ. ಸಾವಿರ ಅಡಿ ದಾಟಿ ಕೊರೆದರೂ ಬರೀ ಧೂಳು ಹಾರಿಸುವ ಬೋರ್‌ವೆಲ್, ಸಾಲ ಮಾಡಿ ಕೊರೆಸಿದ ರೈತ, ಸಿಕ್ಕ ನೀರಿನಲ್ಲೂ ಫ್ಲೋರೈಡ್: ಇದು ಅಲ್ಲಿನ ಎರಡು ತಲೆಮಾರಿನ ಬದುಕು. ಎತ್ತಿನಹೊಳೆಯ ನೀರು ಬರುತ್ತದೆಂದು 2014ರಲ್ಲಿ ಶಂಕುಸ್ಥಾಪನೆಯಾಯಿತು. ಹತ್ತು ವರ್ಷದ ಮೇಲೆ, 2024ರಲ್ಲಿ, ಸಕಲೇಶಪುರದ ಬಳಿ ಮೊದಲ ಹಂತದ ಉದ್ಘಾಟನೆ ನಡೆಯಿತು. ಆ ಯೋಜನೆಗಾಗಿ ಪಶ್ಚಿಮ ಘಟ್ಟದ ಕಾಡು ಕಡಿಯಬೇಕಾಯಿತು. ಕೆ.ಸಿ. ವ್ಯಾಲಿಗೆ ಯಾವ ಕಾಡನ್ನೂ ಬಲಿ ಕೊಡಬೇಕಿರಲಿಲ್ಲ. ಪೂರ್ತಿ ಹರಿದರೆ ವರ್ಷಕ್ಕೆ ಐದೂವರೆ ಟಿಎಂಸಿ ಮೀರುವ ನೀರು ಪಕ್ಕದ ನಗರದಲ್ಲೇ ಇತ್ತು. ಕೆರೆ ತುಂಬಿದ ಊರುಗಳ ಸುತ್ತ ಅಂತರ್ಜಲ ಮೇಲೆ ಬಂದಿದೆ, ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಕಂಡಿದೆ. ಟೊಮೆಟೊ, ಹಿಪ್ಪುನೇರಳೆ, ಹಸುವಿನ ಮೇವನ್ನೇ ನೆಚ್ಚಿದ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ಆದರೆ ನೀರಿನ ಸಂಸ್ಕರಣೆಯ ಕೆಲಸ ಅರ್ಧಕ್ಕೇ ನಿಂತಿದೆ. ಮೊದಲ ಹಂತದಲ್ಲಿ ಗಸಿಯನ್ನು ಕೆಳಗಿಳಿಸುತ್ತಾರೆ. ಎರಡನೆಯದರಲ್ಲಿ ಗಾಳಿ ಊದಿ, ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ತಿನ್ನಿಸುತ್ತಾರೆ. ಕೋಲಾರಕ್ಕೆಂದು ರೂಪಿಸಿದ್ದು ಇಷ್ಟೇ. ಉಳಿದ ಸಾರಜನಕ, ರಂಜಕ, ರೋಗಾಣುಗಳನ್ನು ತೆಗೆಯುವ ಮೂರನೇ ಹಂತಕ್ಕಾಗಿ ಕೋಲಾರ, ಚಿಂತಾಮಣಿ ಸೀಮೆಯ ನೀರಾವರಿ ಹೋರಾಟಗಾರರು ವರ್ಷಗಟ್ಟಲೆ ಬೀದಿಯಲ್ಲೂ ನ್ಯಾಯಾಲಯದಲ್ಲೂ ನಿಂತರು. ನೀರು ಬಿಟ್ಟ ಮರುತಿಂಗಳೇ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು. ಆ ಜುಲೈನಲ್ಲಿ ಹೈಕೋರ್ಟ್, ಮುಂದೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀರು ಬಿಡುವುದನ್ನು ತಡೆದವು. ಆ ವರ್ಷವೇ ತಡೆ ತೆರವಾಗಿ ನೀರು ಮತ್ತೆ ಹರಿಯಿತು.

ಕೆರೆಯ ನೀರನ್ನು ಯಾರೂ ಕುಡಿಯುವುದಿಲ್ಲ, ಅದು ಅಂತರ್ಜಲ ಮರುಪೂರಣಕ್ಕೆ ಮಾತ್ರ ಎಂಬುದು ಸರ್ಕಾರದ ಸಮರ್ಥನೆ. ಈ ಮಾತನ್ನು ನಾನು ಒಪ್ಪಲಾರೆ. ಮರುಪೂರಣಗೊಂಡ ಅಂತರ್ಜಲವನ್ನೇ ಬೋರ್‌ವೆಲ್ ಎತ್ತುತ್ತದೆ, ಓವರ್‌ಹೆಡ್ ಟ್ಯಾಂಕ್ ಸೇರಿ ಅದೇ ಮನೆಯ ನಲ್ಲಿಗೆ ಬರುತ್ತದೆ. ಮಣ್ಣು ಬಹಳಷ್ಟನ್ನು ಸೋಸುತ್ತದೆ, ನಿಜ. ಕರಗಿದ ನೈಟ್ರೇಟ್ ಮಾತ್ರ ಮಣ್ಣಿಗೆ ಸುಲಭವಾಗಿ ಸಿಗುವುದಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಚರ್ಚೆಯಲ್ಲಿ ಅಷ್ಟಾಗಿ ಬಾರದ ಸಂಗತಿ. ಬಯಲುಸೀಮೆಯ ಕೆರೆಗೆ ತನ್ನದೇ ಒಂದು ವರ್ಷಚಕ್ರವಿದೆ. ಮಳೆಗಾಲದಲ್ಲಿ ತುಂಬಿ, ಪುಣ್ಯವಿದ್ದ ವರ್ಷ ಕೋಡಿ ಹರಿದು, ನೀರುಗಂಟಿ ತೂಬೆತ್ತಿದಾಗ ಅಚ್ಚುಕಟ್ಟಿನ ಗದ್ದೆಗೆ ನೀರುಣಿಸಿ, ಬೇಸಿಗೆಗೆ ಅದು ಬರಿದಾಗುತ್ತಿತ್ತು. ಒಣಗಿದ ಅಂಗಳದ ಹೂಳನ್ನು ರೈತರು ಗಾಡಿ ತುಂಬ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಕೆರೆಗೆ ಆಳ ಬರುತ್ತಿತ್ತು. ಈಗ ವರ್ಷವಿಡೀ ನೀರು ನಿಲ್ಲುವ ಕೆರೆಯ ಹೂಳೆತ್ತುವುದು ಯಾವಾಗ? ರಂಜಕ ಉಂಡು ಬೆಳೆದ ಅಂತರಗಂಗೆ ಕೊಳೆತು ತಳಕ್ಕಿಳಿದರೆ ಹೂಳು ಇನ್ನೂ ಏರುತ್ತದೆ. ಮೊದಲೇ ತುಂಬಿದ ಕೆರೆಯಲ್ಲಿ ಮಳೆನೀರಿಗೆ ಜಾಗವೆಲ್ಲಿ? ಕಾಸಿಲ್ಲದೆ ಬರುವ, ಕೊಳೆಯನ್ನು ತಿಳಿಯಾಗಿಸಬಲ್ಲ ನೀರೇ ಕೋಡಿ ಹಾದು ಹೊರಟುಹೋಗುತ್ತದೆ. ಕೆರೆಯಿಂದ ನೇರವಾಗಿ ನೀರೆತ್ತಬಾರದೆಂಬ ನಿಯಮದಲ್ಲಿ ತೂಬಿಗೆ ಕೆಲಸವಿಲ್ಲ. ಪಂಪ್‌ಸೆಟ್ ಇದ್ದವನ ಬೋರ್‌ವೆಲ್‌ಗೆ ನೀರು ಸಿಗುತ್ತದೆ, ತೂಬಿನ ಸರದಿಯನ್ನೇ ನಂಬಿದ್ದ ಸಣ್ಣ ಹಿಡುವಳಿದಾರನ ಪಾಲು ಅವನ ಕಣ್ಣೆದುರೇ ನಿಂತಿರುತ್ತದೆ. ಕೆರೆಯನ್ನು ಇಂಗುಗುಂಡಿಯಷ್ಟಕ್ಕೇ ಇಳಿಸಿದ್ದು ಈ ಯೋಜನೆಯ ಅತಿ ದೊಡ್ಡ ಲೋಪ ಎಂದೇ ನನ್ನ ತೀರ್ಮಾನ.

ದಾರಿ ಇಲ್ಲವೆಂದಲ್ಲ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರು ಮೊದಲು ಜೊಂಡು ಬೆಳೆದ ಜೌಗಿನೊಳಗೆ ಸಾಗಿ, ಬೇರುಗಳ ನಡುವೆ ಸೋಸಿ ಆಮೇಲೆ ಕೆರೆ ಸೇರುತ್ತದೆ. ಕೋಲಾರದ ಕೆರೆಗಳ ತಲೆಗೂ ಇಂಥ ಜೌಗು ಕಟ್ಟಬಹುದು. ಮೂರನೇ ಹಂತದ ಘಟಕವನ್ನೂ ಕಟ್ಟಬೇಕು, ಅದರ ಖರ್ಚನ್ನು ನೀರು ಕೊಳೆ ಮಾಡಿದ ನಗರವೇ ಹೊರಬೇಕು. ಕೆರೆಗಳಿಗೆ ಸರದಿಯ ಮೇಲೆ ಬಿಡುವು ಕೊಟ್ಟರೆ ಹೂಳೂ ಎತ್ತಬಹುದು, ಮಳೆಗೂ ಜಾಗ ಉಳಿಯುತ್ತದೆ. ನೈಟ್ರೇಟ್ ಎಷ್ಟಿದೆ, ರೋಗಾಣು ಎಷ್ಟಿವೆ ಎಂಬ ಪ್ರತಿ ತಿಂಗಳ ಪರೀಕ್ಷೆಯ ಫಲ ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರಲಿ. ಇನ್ನಷ್ಟು ಕೆರೆಗಳಿಗೆ ಈ ನೀರನ್ನು ಕೊಂಡೊಯ್ಯುವ ಮುನ್ನ, ಈಗಾಗಲೇ ತುಂಬಿಸಿದ ಕೆರೆಗಳಿಗೆ ಇಷ್ಟನ್ನು ಮಾಡಿ ಮುಗಿಸಬೇಕು.