ರೆಡ್ ಡೆಡ್ ರಿಡೆಂಪ್ಷನ್ 2: ಯಾವ ಪೆಟ್ಟಿಗೆಯಲ್ಲಿ ಯಾವ ಚಿತ್ರ

ಪರದೆಯನ್ನು ನಡುವೆ ಸೀಳಿ, ಎಡಕ್ಕೆ ಕನ್ಸೋಲ್, ಬಲಕ್ಕೆ ಪೀಸಿ ಇಟ್ಟು ತೋರಿಸುವ ವೀಡಿಯೋಗಳನ್ನು ನೀವೂ ನೋಡಿರುತ್ತೀರಿ. ಕುದುರೆಯ ಬಾಲವನ್ನು ನಾಲ್ಕು ಪಟ್ಟು ಹಿಗ್ಗಿಸಿ, ಅದರ ಸುತ್ತ ಕೆಂಪು ವೃತ್ತ ಎಳೆದು, ಇಲ್ಲಿ ಕೂದಲು ಕಾಣುತ್ತದೆ, ಅಲ್ಲಿ ಕಾಣುವುದಿಲ್ಲ ಎಂದು ತೀರ್ಪು ಕೊಡುತ್ತಾರೆ. ನನಗೂ ಇವು ಇಷ್ಟ, ನಡುರಾತ್ರಿಯವರೆಗೆ ನೋಡಿದ್ದೇನೆ. ಆದರೆ ಆ ಆಟದ ಚಿತ್ರ ಏನನ್ನು ತೋರಿಸಲು ಹೊರಟಿದೆ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಕವನ ಸಂಕಲನದ ಎರಡು ಮುದ್ರಣಗಳನ್ನು ಹೋಲಿಸಿ, ಕಾಗದ ಎಷ್ಟು ದಪ್ಪ ಎಂದಷ್ಟೇ ಹೇಳಿ ಎದ್ದು ಹೋದ ಹಾಗೆ.

ರೆಡ್ ಡೆಡ್ ರಿಡೆಂಪ್ಷನ್ 2 ಈ ಪ್ರಶ್ನೆಗೆ ಹೇಳಿ ಮಾಡಿಸಿದ ಆಟ. ರಾಕ್‌ಸ್ಟಾರ್ ಕಂಪನಿ ಇದನ್ನು 2018ರ ಅಕ್ಟೋಬರ್ 26ರಂದು ಪಿಎಸ್4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ ತಂದಿತು. ಪೀಸಿಗೆ ಬರಲು ಇನ್ನೂ ಒಂದು ವರ್ಷ ಬೇಕಾಯಿತು, 2019ರ ನವೆಂಬರ್ 5. ಅದೂ ಸುಸೂತ್ರವಾಗಿ ಬರಲಿಲ್ಲ. ಮೊದಲ ವಾರ ಆಟ ಶುರುವೇ ಆಗುತ್ತಿಲ್ಲ ಎಂದು ಎಷ್ಟೋ ಜನ ಗೋಳಾಡಿದರು.

ಕಥೆ 1899ರ ಅಮೆರಿಕದ್ದು. ಪೊಲೀಸರು, ರೈಲು, ಬಂಡವಾಳ ಎಲ್ಲವೂ ಸುತ್ತುವರಿಯುತ್ತಿರುವ ಕಾಲದಲ್ಲಿ ಡಚ್ ವಾನ್ ಡರ್ ಲಿಂಡ್ ಎಂಬವನ ದರೋಡೆ ಗುಂಪು ಓಡುತ್ತಲೇ ಇದೆ. ಆ ಗುಂಪಿನ ಆರ್ಥರ್ ಮಾರ್ಗನ್ ನಾವು. ಇಡೀ ಆಟದ ತುಂಬ ದೂರ ಎಂಬುದು ಒಂದು ಪಾತ್ರ. ಹಿಮದ ಬೆಟ್ಟದಿಂದ ಇಳಿದು ಹಾರ್ಟ್‌ಲ್ಯಾಂಡ್ಸ್‌ನ ಹುಲ್ಲುಗಾವಲಿಗೆ ಬಂದಾಗ ಕಣ್ಣು ಹಾಯುವಷ್ಟು ದೂರ ಜಾಗವಿದೆ. ನಮಗೆ ಮಾತ್ರ ಅಲ್ಲಿ ಜಾಗವಿಲ್ಲ. ಹತ್ತೊಂಬತ್ತನೇ ಶತಮಾನದ ಚಿತ್ರಕಾರ ಆಲ್ಬರ್ಟ್ ಬಿಯರ್‌ಸ್ಟಾಟ್‌ನ ಭಾರಿ ಕ್ಯಾನ್ವಾಸುಗಳು ನೆನಪಾಗುತ್ತವೆ: ಮುಂದೆ ಚಿಕ್ಕ ಮನುಷ್ಯರು, ಹಿಂದೆ ಬೆಳಕು ತುಂಬಿದ ಬೆಟ್ಟ. ಹಾಗಾಗಿ ಈ ಆಟದ ಗ್ರಾಫಿಕ್ಸ್ ಹೇಗಿದೆ ಎಂದರೆ, ಅದರ ದೂರ ಹೇಗಿದೆ ಎಂದೇ ಅರ್ಥ.

ಈಗ ಲೆಕ್ಕಕ್ಕೆ ಬರೋಣ. ಮೂಲ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಆಟ 1536×864 ಚುಕ್ಕಿಗಳಲ್ಲಿ ಮೂಡುತ್ತದೆ. ಪಿಎಸ್4ನಲ್ಲಿ 1920×1080. ಪಿಎಸ್4 ಪ್ರೊ 1920×2160 ಚುಕ್ಕಿಗಳನ್ನು ಬರೆದು, ಚದುರಂಗದ ಮನೆಗಳ ಹಾಗೆ ನಡುವಿನ ಖಾಲಿಯನ್ನು ಊಹಿಸಿ ತುಂಬಿ 4ಕೆ ಮಾಡುತ್ತದೆ. ಎಕ್ಸ್‌ಬಾಕ್ಸ್ ಒನ್ ಎಕ್ಸ್ ಮಾತ್ರ ಪೂರ್ತಿ 3840×2160 ಬರೆಯುತ್ತದೆ, ಅಂದರೆ ಮೂಲ ಎಕ್ಸ್‌ಬಾಕ್ಸ್‌ಗಿಂತ ಆರು ಪಟ್ಟಿಗೂ ಹೆಚ್ಚು. ನಾಲ್ಕರಲ್ಲೂ ಸೆಕೆಂಡಿಗೆ 30 ಫ್ರೇಮು.

ಪುಣೆಯ ನಮ್ಮ ಮನೆಯಲ್ಲಿ ಪಿಎಸ್4 ಪ್ರೊ ಇದೆ, ಹೈದರಾಬಾದಿನ ಗೆಳೆಯನ ಮನೆಯಲ್ಲಿ ಒನ್ ಎಕ್ಸ್. ಒಂದೇ ಗುಡ್ಡದ ಮೇಲೆ, ಒಂದೇ ಹೊತ್ತಿನ ಬೆಳಕಿನಲ್ಲಿ ಕುದುರೆ ನಿಲ್ಲಿಸಿ ಎರಡನ್ನೂ ನೋಡಿದ್ದೇನೆ. ಆರ್ಥರ್‌ನ ಮುಖ, ಕೋಟಿನ ಹೊಲಿಗೆ, ಹತ್ತಿರದ ಕೆಸರು ಇವುಗಳಲ್ಲಿ ಸೋಫಾದ ದೂರದಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಆಚೆ ಬದಿಯ ಮರಗಳ ಸಾಲಿನಲ್ಲಿ. ಒನ್ ಎಕ್ಸ್‌ನಲ್ಲಿ ಅದು ಮರಗಳ ಸಾಲು. ಪ್ರೊನಲ್ಲಿ ಹಸಿರು ಉಣ್ಣೆ. ಮೂಲ ಎಕ್ಸ್‌ಬಾಕ್ಸ್‌ನಲ್ಲಿ ದೂರದಲ್ಲಿ ಬರುವ ಕುದುರೆ ಸವಾರ ಹತ್ತು ಹೆಜ್ಜೆ ಹತ್ತಿರವಾಗುವ ತನಕ ಬರೀ ಕದಲುವ ಕಲೆ. ದೂರದಿಂದ ಬರುವವನು ಯಾರು ಎಂಬ ಅಳುಕಿನ ಮೇಲೆ ನಿಂತಿರುವ ಆಟಕ್ಕೆ ಇದು ಸಣ್ಣ ನಷ್ಟವಲ್ಲ. ಚಿತ್ರ ಮುಖ್ಯವಲ್ಲ, ಆಟ ಮುಖ್ಯ ಎಂದು ಹೇಳುವ ಸಜ್ಜನರ ಜೊತೆ ನಾನು ಇಲ್ಲಿ ಇಲ್ಲ. ಈ ಆಟದಲ್ಲಿ ಎರಡೂ ಒಂದೇ.

ಪೀಸಿ ಎಲ್ಲಕ್ಕಿಂತ ಮೇಲು ಎಂಬುದು ಈ ಹೋಲಿಕೆಗಳಲ್ಲಿ ಚರ್ಚೆಗೇ ಬರದ ನಂಬಿಕೆ. ಅಲ್ಲಿಗೆ ಹೋದರೆ ಹತ್ತಾರು ಸೆಟ್ಟಿಂಗುಗಳ ಉದ್ದನೆಯ ಪಟ್ಟಿ ತೆರೆದುಕೊಳ್ಳುತ್ತದೆ: ಲೋ, ಮೀಡಿಯಂ, ಹೈ, ಅಲ್ಟ್ರಾ. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ಇಂಥ ಹಣೆಪಟ್ಟಿಗಳನ್ನು ನೋಡಿದವನಾಗಿ ಒಂದು ಮಾತು ಹೇಳುತ್ತೇನೆ. ಕ್ಲೈಂಟ್ 'ಹೈ ಪ್ರಯಾರಿಟಿ' ಎಂದು ಬರೆದದ್ದರಿಂದ ಆ ಕೆಲಸ ದೊಡ್ಡದಾಗುವುದಿಲ್ಲ. ಪಕ್ಕದ ಕೆಲಸಕ್ಕೆ ಹೋಲಿಸಿ ಹಚ್ಚಿದ ಚೀಟಿ ಅದು, ಅಷ್ಟೆ. ಒನ್ ಎಕ್ಸ್ ಬಳಸುವ ಸೆಟ್ಟಿಂಗುಗಳಲ್ಲಿ ಹಲವು ಪೀಸಿಯ ಪಟ್ಟಿಯಲ್ಲಿ 'ಲೋ' ಎಂದಿವೆ. ಕೆಲವಂತೂ ಪೀಸಿಯ ಲೋಗಿಂತಲೂ ಕೆಳಗೆ. ಆದರೆ ಟೆಕ್ಸ್ಚರ್‌ಗಳು, ಅಂದರೆ ವಸ್ತುಗಳ ಮೈಮೇಲಿನ ಚಿತ್ರಗಳು, ಅಲ್ಟ್ರಾ ಮಟ್ಟದವು. ಎಲ್ಲಿ ಕೈ ಬಿಗಿಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ಯಾರೋ ಕೂತು ಯೋಚಿಸಿದ್ದಾರೆ. ಅದೊಂದು ಸಂಪಾದನೆ. ಪೀಸಿಯಲ್ಲಿ ಆ ಸಂಪಾದನೆಯ ಕೆಲಸವನ್ನು ನಮ್ಮ ತಲೆಗೆ ಕಟ್ಟುತ್ತಾರೆ, ನಾವು ಎಲ್ಲವನ್ನೂ ಬಲಕ್ಕೆ ಎಳೆದು ಹೆಮ್ಮೆಪಡುತ್ತೇವೆ. ನೀರಿನ ಚಲನೆಯ ಸೆಟ್ಟಿಂಗನ್ನು ಪೂರ್ತಿ ಬಲಕ್ಕೆ ಎಳೆದು ನೋಡಿ. ಫ್ರೇಮುಗಳು ದಡದಡ ಇಳಿಯುತ್ತವೆ, ಹೊಳೆ ಮಾತ್ರ ನಿನ್ನೆಯ ಹಾಗೇ ಹರಿಯುತ್ತದೆ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಕೂದಲು ಮತ್ತು ಎಲೆಗಳದ್ದು. ಈ ಆಟ ಅವನ್ನು ಜಾಲರಿಯ ಹಾಗೆ, ಚುಕ್ಕಿ ಬಿಟ್ಟು ಚುಕ್ಕಿ ಬರೆಯುತ್ತದೆ. ಆಮೇಲೆ ಟಿಎಎ ಎಂಬ ವಿಧಾನ ಹಿಂದಿನ ಫ್ರೇಮುಗಳನ್ನು ಈಗಿನದರ ಜೊತೆ ಬೆರೆಸಿ ಆ ತೂತುಗಳನ್ನು ಮುಚ್ಚುತ್ತದೆ. ಚುಕ್ಕಿಗಳು ಧಾರಾಳವಾಗಿದ್ದರೆ ಹೊಲಿಗೆ ಕಾಣುವುದಿಲ್ಲ. ಕಡಿಮೆಯಿದ್ದರೆ ಎಲ್ಲವೂ ನೀರಲ್ಲಿ ನೆನೆದಂತೆ. ಇದರ ಪರಿಣಾಮ ವಿಚಿತ್ರ: ಜಿಟಿಎಕ್ಸ್ 1060 ಕಾರ್ಡು ಹಾಕಿದ ನನ್ನ ಪೀಸಿಯಲ್ಲಿ, 1080ಪಿ ಮಾನಿಟರಿನಲ್ಲಿ, ಹೆಚ್ಚಿನದೆಲ್ಲ ಹೈ ಮತ್ತು ಅಲ್ಟ್ರಾ ಇಟ್ಟರೂ ಆರ್ಥರ್‌ನ ಗಡ್ಡ ಮಸುಕು. ಲೋ ಸೆಟ್ಟಿಂಗುಗಳ ಒನ್ ಎಕ್ಸ್‌ನಲ್ಲಿ ಅದೇ ಗಡ್ಡ ಎಳೆ ಎಳೆಯಾಗಿದೆ. ಅಲ್ಟ್ರಾ ಸೋತಿದೆ, ಲೋ ಗೆದ್ದಿದೆ. ಪೀಸಿಯಲ್ಲಿ ರೆಸಲ್ಯೂಷನ್ ಸ್ಕೇಲ್ ಎಂಬುದನ್ನು ಐದು-ನಾಲ್ಕಾಂಶಕ್ಕೋ ಒಂದೂವರೆಗೋ ಏರಿಸಿ, ನೆರಳು ಮತ್ತು ಪ್ರತಿಫಲನಗಳನ್ನು ಒಂದೆರಡು ಮೆಟ್ಟಿಲು ಇಳಿಸಿದರೆ ಚಿತ್ರ ಹದಕ್ಕೆ ಬರುತ್ತದೆ.

ಹದ ಎಂಬ ಮಾತು ಬಂತು. ಗ್ರಾಫಿಕ್ಸ್ ಬಗ್ಗೆ ಮಾತಾಡುವಾಗ ನಾವು ಕನ್ನಡಿಗರು 'ಕ್ಲಿಯರ್ ಆಗಿದೆ' ಎಂಬ ಒಂದೇ ಮಾತಿನಲ್ಲಿ ಸಂಸಾರ ನಡೆಸುತ್ತೇವೆ. ಈ ಆಟದ ಬಹುಪಾಲು ಸೊಬಗು ಕ್ಲಿಯರ್ ಅಲ್ಲದ್ದರಲ್ಲಿದೆ: ಬಯೂ ಜೌಗಿನ ಮೇಲಿನ ಹಬೆ, ಬೆಳಗಿನ ಮಂಜಿನಲ್ಲಿ ತೂರಿ ಬರುವ ಬಿಸಿಲಕೋಲು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಂಜು ಅಂಚುಗಳನ್ನು ತಿನ್ನುತ್ತದೆ, ಆದರೆ ಆಳವನ್ನು ಕೊಡುತ್ತದೆ. ತಂತ್ರದ ಕೊರತೆಯಿಂದ ಬಂದ ಮಸುಕು ಆಳವನ್ನೂ ತಿನ್ನುತ್ತದೆ. ಒಳ್ಳೆಯ ವಿಮರ್ಶೆ ಈ ಎರಡು ಮಸುಕುಗಳನ್ನು ಬೇರೆ ಮಾಡಿ ಹೇಳಬೇಕು. ಸೀಳುಪರದೆಯ ವೀಡಿಯೋಗೆ ಅದು ಆಗದ ಕೆಲಸ, ಏಕೆಂದರೆ ಮಂಜನ್ನು ಮೊದಲು ಕೊಲ್ಲುವುದೇ ವೀಡಿಯೋದ ಕಂಪ್ರೆಷನ್.

ಪೀಸಿಗೆ ನ್ಯಾಯ ಸಲ್ಲಬೇಕಾದ ಕಡೆ ಸಲ್ಲಿಸುತ್ತೇನೆ. ಅಲ್ಲಿ ನೆರಳುಗಳು ಇನ್ನೂ ದೂರದವರೆಗೆ ಹೋಗುತ್ತವೆ, ಹುಲ್ಲು ದಿಗಂತದತ್ತ ಇನ್ನಷ್ಟು ಮುಂದೆ ಬೆಳೆಯುತ್ತದೆ. ದೂರವೇ ಪ್ರಾಣವಾದ ಆಟಕ್ಕೆ ಇದು ನಿಜವಾದ ಲಾಭ, ಅದರ ಮುಂದೆ ಬಾಲದ ಕೂದಲು ಏನೂ ಅಲ್ಲ. ಇನ್ನೊಂದು 60 ಫ್ರೇಮು. ಕನ್ಸೋಲಿನಲ್ಲಿ ಆರ್ಥರ್ ಮೊಣಕಾಲುದ್ದ ಕೆಸರಲ್ಲಿ ನಡೆದಂತೆ ತಿರುಗುತ್ತಾನೆ, ಗುಂಡಿ ಒತ್ತಿದ್ದು ಕೈಗೆ ತಡವಾಗಿ ತಲುಪುತ್ತದೆ. 60ರಲ್ಲಿ ಆ ಭಾರ ಇಳಿಯುತ್ತದೆ. ಬಂದೂಕಿನ ಕಾಳಗಕ್ಕೆ ಇದು ವರ. ಡೇರೆಯ ಬೆಂಕಿಯ ಸುತ್ತ ನಡೆದಾಡುವಾಗ ಮಾತ್ರ ನನಗೆ ಆ ಹಳೆಯ ಭಾರವೇ ಹಿಡಿಸುತ್ತದೆ. ದಣಿದ ಮನುಷ್ಯನ ನಡಿಗೆ ಅದು. ಇದನ್ನು ಒಪ್ಪದವರು ಇರುತ್ತಾರೆ, ಇರಲಿ.

ಚೆನ್ನೈನಲ್ಲಿ ಓದುತ್ತಿದ್ದ ಅಕ್ಕನ ಮಗ 2021ರಲ್ಲಿ ಫೋನ್ ಮಾಡಿ, "ಮಾಮ, ಎಕ್ಸ್‌ಬಾಕ್ಸ್ ಸೀರೀಸ್ ಎಸ್ ತಗೊಳ್ತೀನಿ, ರೆಡ್ ಡೆಡ್ ಚೆನ್ನಾಗಿ ಕಾಣುತ್ತಲ್ವಾ, ಹೊಸ ಕನ್ಸೋಲ್ ಅಲ್ವಾ?" ಅಂದ. ಆಗ ಅದರ ಬೆಲೆ 34,990 ರೂಪಾಯಿ, ಅವನ ಪಾಲಿಗೆ ಒಂದು ಬೇಸಿಗೆಯ ಇಂಟರ್ನ್‌ಶಿಪ್ ಹಣ. ಕಷ್ಟ ಇರುವುದು ಇಲ್ಲೇ. ಸೀರೀಸ್ ಎಸ್ ಹಳೆಯ ಆಟಗಳನ್ನು ನಡೆಸುವಾಗ ಒನ್ ಎಕ್ಸ್‌ಗಾಗಿ ಮಾಡಿದ ಆವೃತ್ತಿಯನ್ನು ಎತ್ತಿಕೊಳ್ಳುವುದಿಲ್ಲ, ಮೂಲ ಎಕ್ಸ್‌ಬಾಕ್ಸ್ ಒನ್ ಸಾಲಿನದನ್ನು ಎತ್ತಿಕೊಳ್ಳುತ್ತದೆ. ಅಂದರೆ 2020ರ ಯಂತ್ರದಲ್ಲಿ 2013ರ ಯಂತ್ರದ ಅದೇ 864 ಗೆರೆಗಳು. 2020ರಲ್ಲೇ ಉತ್ಪಾದನೆ ನಿಂತ ಒನ್ ಎಕ್ಸ್‌ನಲ್ಲಿ ಪೂರ್ತಿ 4ಕೆ.

ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದಿಲ್ಲ. ಹಳೆಯ ಒನ್ ಎಕ್ಸ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ನೋಡು, ಇಲ್ಲವೇ ಈಗಿರುವ ಲ್ಯಾಪ್‌ಟಾಪಿನಲ್ಲೇ ಟೆಕ್ಸ್ಚರ್ ಅಲ್ಟ್ರಾ ಇಟ್ಟು ಉಳಿದದ್ದನ್ನು ಧೈರ್ಯವಾಗಿ ಇಳಿಸು ಅಂದೆ. ಹಾಸ್ಟೆಲಿನ ವೈಫೈನಲ್ಲಿ 150 ಜಿಬಿ ಇಳಿಸುವುದಕ್ಕೆ ಅವನಿಗೆ ಆರು ರಾತ್ರಿ ಹಿಡಿಯಿತು.