ಹಾಬರ್ಮಾಸ್: ಮಾತಿನ ಮೀಮಾಂಸೆ, ಬರಹದ ನಂಬಿಕೆ

ಸಂವಾದವನ್ನೇ ಪ್ರಜಾಪ್ರಭುತ್ವದ ತಳಹದಿಯೆಂದು ಪ್ರತಿಪಾದಿಸಿದ ಜರ್ಮನ್ ತತ್ವಜ್ಞಾನಿ ಯುರ್ಗೆನ್ ಹಾಬರ್ಮಾಸ್ (ಜನನ 1929) ಸೀಳು ಅಂಗುಳದೊಂದಿಗೆ ಹುಟ್ಟಿದವರು. ಬಾಲ್ಯದಲ್ಲಿ ಅವರ ಉಚ್ಚಾರಣೆ ಇತರರಿಗೆ ಸುಲಭವಾಗಿ ತಿಳಿಯುತ್ತಿರಲಿಲ್ಲ. ಆಡುಮಾತಿಗಿಂತ ಬರಹವೇ ಮೇಲೆಂಬ ತಮ್ಮ ನಂಬಿಕೆಯನ್ನು ಅವರು 2004ರ ಕ್ಯೋಟೋ ಪ್ರಶಸ್ತಿ ಉಪನ್ಯಾಸದಲ್ಲಿ ಈ ಅನುಭವದೊಡನೆ ಜೋಡಿಸಿ ನೋಡಿದ್ದಾರೆ.

ಮೌಖಿಕ ಪರಂಪರೆಯ ಅಧ್ಯಯನಕಾರರು ಈ ನಿವೇದನೆಯನ್ನು ಹಗುರವಾಗಿ ಪರಿಗಣಿಸುವಂತಿಲ್ಲ. 1962ರ ‘ಸಾರ್ವಜನಿಕ ವಲಯದ ರಚನಾತ್ಮಕ ಪರಿವರ್ತನೆ’ಯಲ್ಲಿ ಅವರು ವಿವೇಚಿಸಿದ ವಲಯವು ಮುಖ್ಯವಾಗಿ 18ನೆಯ ಶತಮಾನದ ಇಂಗ್ಲೆಂಡ್, ಫ್ರಾನ್ಸ್, ಜರ್ಮನಿಗಳ ಅಕ್ಷರಸ್ಥ ಮಧ್ಯಮವರ್ಗದ್ದು. ಕಾಫಿಗೃಹ, ಪತ್ರಿಕೆ, ವಾಚನ ಸಂಘಗಳು ಅದರ ನೆಲೆಗಳು. ಅಲ್ಲಿ ಅಂತಸ್ತಿಗಿಂತ ವಾದದ ಬಲವೇ ದೊಡ್ಡದೆಂಬ ಆದರ್ಶ ಉನ್ನತವಾದುದೇ ಸರಿ. ಆದರೆ ಅಕ್ಷರವಿಲ್ಲದ ಜನಸಾಮಾನ್ಯರ ವಲಯವನ್ನು ಅವರು ಮುನ್ನುಡಿಯಲ್ಲಿಯೇ ಚರ್ಚೆಯಿಂದ ಹೊರಗಿಟ್ಟರು.

1990ರ ಆವೃತ್ತಿಗೆ ಬರೆದ ಹೊಸ ಮುನ್ನುಡಿಯಲ್ಲಿ ಹಾಬರ್ಮಾಸ್ ಈ ಕೊರತೆಯನ್ನು ಒಪ್ಪಿಕೊಂಡರು. ಫ್ರೆಂಚ್ ಲೇಖಕ ರಾಬ್ಲೆಯನ್ನು ಕುರಿತ ಮಿಖಾಯಿಲ್ ಬಖ್ತಿನ್‌ರ ಕೃತಿಯೇ ಜನಪದ ಸಂಸ್ಕೃತಿಯ ಒಳಚೈತನ್ಯಕ್ಕೆ ತಮ್ಮ ಕಣ್ಣು ತೆರೆಸಿತೆಂದರು. ಜಾತ್ರೆಯ ನಗೆ, ಅಣಕ, ಬೈಗುಳಗಳು ಆಳುವವರ ಸಂಸ್ಕೃತಿಯ ಪ್ರತಿಧ್ವನಿಗಳಲ್ಲ, ಅದಕ್ಕೆ ಎದುರಾಗಿ ನಿಂತ ಪ್ರತಿಭಟನೆಗಳು ಎಂಬುದು ಈ ಒಪ್ಪಿಗೆಯ ತಿರುಳು.

ಈ ತಿದ್ದುಪಡಿ ಪ್ರಾಮಾಣಿಕವಾದುದು, ಆದರೆ ಪೂರ್ಣವಲ್ಲ. 1981ರ ‘ಸಂವಹನ ಕ್ರಿಯೆಯ ಸಿದ್ಧಾಂತ’ ಕಾರಣಸಹಿತವಾದ ವಾದವನ್ನೇ ಅಳತೆಗೋಲಾಗಿಸಿದೆ. ಹಾಡಿನಲ್ಲಿ, ಅಣಕದಲ್ಲಿ ಸಲ್ಲಿಸಿದ ಆಕ್ಷೇಪವನ್ನು ಈ ಕೋಲಿನಿಂದ ಅಳೆಯುವುದು ಹೇಗೆ? ಈ ಪ್ರಶ್ನೆ ಹಾಬರ್ಮಾಸ್‌ಗೆ ಮಾತ್ರ ಸೇರಿದ್ದಲ್ಲ. ಹಾಡುಗಾರರ ಧ್ವನಿಯನ್ನು ಲಿಪಿಗಿಳಿಸಿ, ಮುದ್ರಿತ ಪಠ್ಯವನ್ನೇ ಕಾವ್ಯವೆಂದು ಭಾವಿಸುವ ಜಾನಪದ ವಿದ್ವಾಂಸರಾದ ನಾವೂ ಅದೇ ನಂಬಿಕೆಯ ಪಾಲುದಾರರು.