ಕಾಲವನ್ನು ಬಲ್ಲ ಒಂದು ಆಟ

ಹಬ್ಬಕ್ಕೆಂದೇ ರಚಿತವಾದ ಕೃತಿಗಳಿಗೆ ಒಂದು ದೌರ್ಭಾಗ್ಯವುಂಟು. ಹಬ್ಬ ಕಳೆದೊಡನೆ ಅವು ಬಾಡಿದ ತೋರಣದಂತೆ ಕಾಣುವುವು. ಹಳೆಯ ಆಟವೊಂದಕ್ಕೆ ಹಿಮವನ್ನೂ ಕೆಂಪು ಟೊಪ್ಪಿಗೆಯನ್ನೂ ತೊಡಿಸಿ ಕ್ರಿಸ್ಮಸ್ಸಿನ ಆಟವೆಂದು ಕರೆದ ವೀಡಿಯೋ ಆಟಗಳು ಹಲವು. ಜಪಾನಿನ ಸೇಗಾ ಸಂಸ್ಥೆಯವರು ತಮ್ಮ ಸ್ಯಾಟರ್ನ್ ಯಂತ್ರಕ್ಕಾಗಿ 1996ರ ಡಿಸೆಂಬರಿನಲ್ಲಿ ಹೊರತಂದ ‘ಕ್ರಿಸ್ಮಸ್ ನೈಟ್ಸ್’ ಕೂಡ ಮೇಲುನೋಟಕ್ಕೆ ಅಂತಹುದೇ. ಅದೇ ವರ್ಷದ ‘ನೈಟ್ಸ್ ಇಂಟು ಡ್ರೀಮ್ಸ್’ ಎಂಬ ದೊಡ್ಡ ಆಟದ ಒಂದೇ ಒಂದು ಕನಸಿನ ನಾಡನ್ನು ಇಲ್ಲಿ ಮರಳಿ ಕೊಟ್ಟಿರುವರು. ಕಥೆಯೂ ಪುಟ್ಟದು. ಊರಿನ ಕ್ರಿಸ್ಮಸ್ ಮರದ ತುದಿಯಲ್ಲಿ ನಕ್ಷತ್ರವಿಲ್ಲ. ಕ್ಲಾರಿಸ್, ಎಲಿಯಟ್ ಎಂಬ ಇಬ್ಬರು ಮಕ್ಕಳು ವಿದೂಷಕನ ವೇಷದ ನೈಟ್ಸ್ ಎಂಬ ಗಗನಚರನೊಡನೆ ಕನಸಿನಲ್ಲಿ ಅದನ್ನು ಅರಸಿ ತರಬೇಕು.

ಆದರೆ ಈ ಆಟದ ಜೀವಾಳವಿರುವುದು ಯಂತ್ರದೊಳಗಣ ಗಡಿಯಾರದಲ್ಲಿ. ನವೆಂಬರ್ ಮತ್ತು ಜನವರಿಗಳಲ್ಲಿ ಡಿಸ್ಕನ್ನು ಹಾಕಿದರೆ ಹಸಿರು ಬಯಲು ಹಿಮವನ್ನು ಹೊದ್ದಿರುವುದು. ಡಿಸೆಂಬರಿನಲ್ಲಿ ಪೆಟ್ಟಿಗೆಗಳು ಉಡುಗೊರೆಗಳಾಗುವುವು, ಆ ನಾಡಿನ ಪುಟ್ಟ ಪ್ರಾಣಿಗಳು ಹಬ್ಬದ ಉಡುಪು ತೊಡುವುವು. ಏಪ್ರಿಲ್ ಒಂದರಂದು ನಾಯಕನ ಸ್ಥಾನದಲ್ಲಿ ಅವನ ಪ್ರತಿಸ್ಪರ್ಧಿ ರಿಯಾಲಾ ಬಂದು ನಿಲ್ಲುವನು! ಔಚಿತ್ಯದ ಸ್ಥಾನಗಳನ್ನು ಎಣಿಸುವಾಗ ಕ್ಷೇಮೇಂದ್ರನು ಕಾಲವನ್ನೂ ಸೇರಿಸಿರುವನು. ಆ ಮಾತನ್ನು ಇಷ್ಟು ಅಕ್ಷರಶಃ ಪಾಲಿಸಿದ ಕೃತಿ ಕಾವ್ಯದಲ್ಲಿಯೂ ವಿರಳವೆಂದು ನಮಗೆ ತೋರುವುದು.

ಆಟ ಬಹು ಚಿಕ್ಕದೆಂಬುದು ಆಡಿದವರ ಒಂದು ದೂರು. ಪತ್ರಿಕೆಗಳೊಡನೆಯೂ ಇತರ ಆಟಗಳೊಡನೆಯೂ ಉಚಿತವಾಗಿ ಹಂಚಿದ ಕಾಣಿಕೆಯನ್ನು ತಕ್ಕಡಿಯಲ್ಲಿ ತೂಗುವುದು ಅಷ್ಟೇನೂ ಸೊಗಸಲ್ಲ. ಇನ್ನು ಕೆಲವರು ಕಾಯಲಾರದೆ ಗಡಿಯಾರವನ್ನೇ ಮುಂದಕ್ಕೆ ತಿರುಗಿಸಿ, ಎಲ್ಲ ಋತುಗಳನ್ನೂ ಒಂದೇ ಸಂಜೆಯಲ್ಲಿ ನೋಡಿ ಮುಗಿಸುವರು. ಅದನ್ನು ಅಪರಾಧವೆನ್ನಲಾಗದು; ಆದರೆ ಹಾಗೆ ನೋಡಿದವರಿಗೆ ದೊರೆಯುವುದು ಬಣ್ಣಗಳ ಪಟ್ಟಿ ಮಾತ್ರ. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿಯೇ ಡಿಸ್ಕನ್ನು ಹೊರತೆಗೆಯುವ ವ್ರತವನ್ನು ಹಿಡಿದ ಅಭಿಮಾನಿಗಳೇ ನಿಜವಾದ ರಸಿಕರು.

ಅವರು ಕೊಂಡಾಡುವುದೆಲ್ಲವನ್ನೂ ನಾವು ಒಪ್ಪಲಾರೆವು. ಒಳಗಡಗಿರುವ ಉಡುಗೊರೆಗಳಲ್ಲಿ ಸೋನಿಕ್ ಎಂಬ ಪ್ರಸಿದ್ಧ ಮುಳ್ಳುಹಂದಿಯ ಆಟವೂ ಒಂದು. ಹಾರಾಟಕ್ಕಾಗಿ ನಿರ್ಮಿತವಾದ ಆ ಬಯಲಿನಲ್ಲಿ ಓಡುತ್ತ ನೆಗೆಯುತ್ತ ಅವನು ದಾರಿ ತಪ್ಪಿದ ನೆಂಟನಂತೆ ತೋರುವನು. ಹೆಸರಿನ ಮೋಹದಿಂದಲೇ ಅದಕ್ಕೆ ಅಷ್ಟು ಮನ್ನಣೆ ಸಂದಿರಬೇಕು.

2012ರಲ್ಲಿ ಮೂಲ ಆಟವು ಹೊಸ ಯಂತ್ರಗಳಿಗೆ ಬಂದಾಗ, ಅದನ್ನು ಆಡಿ ಮುಗಿಸಿದವರಿಗೆ ಕ್ರಿಸ್ಮಸ್ಸಿನ ಭಾಗವು ತೆರೆಯುವಂತೆ ಮಾಡಿದರು. ದಿನವು ತಾನಾಗಿ ತಂದು ಕೊಡುತ್ತಿದ್ದುದು ಹೀಗೆ ದುಡಿಮೆಯ ಕೂಲಿಯಾಯಿತು. ಚಿತ್ರಗಳು ಮೊದಲಿಗಿಂತ ನಿಚ್ಚಳವಾಗಿವೆಯಾದರೂ ನಮಗೆ ಈ ಮಾರ್ಪಾಡು ರುಚಿಸದು. ಹಳೆಯ ಸ್ಯಾಟರ್ನಿನ ಗಡಿಯಾರವು ನಾಣ್ಯದಂತಹ ಒಂದು ಬ್ಯಾಟರಿಯನ್ನು ನಂಬಿ ನಡೆಯುವುದು. ಅದು ಬರಿದಾದರೆ ಯಂತ್ರಕ್ಕೆ ಇಂದು ಯಾವ ದಿನವೆಂಬುದೇ ಮರೆತುಹೋಗುವುದು. ಆ ಯಂತ್ರವನ್ನು ಇನ್ನೂ ಇರಿಸಿಕೊಂಡವರು ಹೊಸ ಬ್ಯಾಟರಿಯೊಂದನ್ನು ಹಾಕಿ, ನಿಜವಾದ ದಿನಾಂಕವನ್ನೇ ತುಂಬಿ, ಡಿಸೆಂಬರಿನವರೆಗೆ ಕಾದು ನೋಡಲಿ.